ಜೆಟ್ ಎಡಕ್ಕೆ ತಿರುಗಿದ್ದು

ಕೊಪ್ಪ
10 ಫೆಬ್ರವರಿ 2008, ಭಾನುವಾರ

ಗಂಗಾಧರ,

ಅದಕ್ಕೇ ನಾನು ಹೇಳಿದ್ದು, ಜೆಟ್ಟಿನೊಳಗೆ ಗಾಳಿ ಹೋಗುವ ಬಾಯಿಗೆ ತುಟಿ ದಪ್ಪಗೆ, ದುಂಡಗೆ ಇರಬೇಕು ಅಂತ. ಚೂಪಾಗಿದ್ದರೆ ಗಾಳಿ ಅಂಚಿಗೆ ತಾಗಿ ಚೆದುರುತ್ತದೆ, ಫ್ಯಾನಿಗೆ ಅರೆಹೊಟ್ಟೆ. ನೀನು ಆಗ "ತುಟಿ ಗಿಟಿ ಎಲ್ಲ ಶೋಕಿ, ಭಾವ" ಎಂದಿದ್ದೆ. ಈಗ ಮಾಡಿಯೇ ನೋಡಿದೆ. ಅಡುಗೆಮನೆಯ ತಕ್ಕಡಿಯ ಮೇಲೆ ನಿಲ್ಲಿಸಿ ಓಡಿಸಿದರೆ ನೂರಹತ್ತು ಗ್ರಾಂ ನೂಕು ಹೆಚ್ಚು ಬಂತು. ಸುಮ್ಮನೆ ಒಂದು ತುಟಿಯಿಂದ!

ನಮ್ಮಿಬ್ಬರಿಗೂ ಎರಡು ವರ್ಷದಿಂದ ಮಾತಿಲ್ಲ ಎಂದು ನೆಂಟರೆಲ್ಲ ಹೇಳಿಕೊಂಡು ತಿರುಗುತ್ತಾರೆ. ನನ್ನ ಪ್ರಕಾರ ಮಾತು ಮಧ್ಯದಲ್ಲಿ ನಿಂತಿದೆ, ಅಷ್ಟೆ. ನಿಂತ ಕಡೆಯಿಂದಲೇ ಶುರು ಮಾಡಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ನನ್ನ ದನಿ ಕೇಳಿದ ಕೂಡಲೇ ನೀನು ಇಟ್ಟುಬಿಡುತ್ತೀಯ. ಕಾಗದವನ್ನೂ ಹರಿಯಬಹುದು, ನಿಜ. ಹರಿಯುವ ಮೊದಲು ಮನುಷ್ಯ ಎರಡು ಸಾಲು ಓದಿಯೇ ಓದುತ್ತಾನೆ. ಹ್ಯೂಮನ್ ನೇಚರ್.

ಹೊಸ ಜೆಟ್ ಕಟ್ಟುತ್ತಿದ್ದೇನೆ. ಮೂಗಿನಿಂದ ಬಾಲಕ್ಕೆ ಮೂರೂಕಾಲು ಅಡಿ. ಮೈಯೆಲ್ಲ ಥರ್ಮೋಕೋಲು, ಬೆನ್ನಿಗೆ ಹಗುರದ ಬಾಲ್ಸಾ ಮರದ ಪಟ್ಟಿ. ಅಂಗಡಿಯ ಮೇಜಿನ ಮೇಲೆ ರಿಪೇರಿಗೆ ಬಂದ ಪಂಪು ಮೋಟಾರುಗಳ ನಡುವೆ ಕೂತಿದೆ, ಎಮ್ಮೆಗಳ ನಡುವೆ ಕೊಕ್ಕರೆ ಕೂತ ಹಾಗೆ. ಎದುರು ಬೇಕರಿಯ ಜಲಜಮ್ಮ ದಿನಕ್ಕೊಂದು ಸಲ ಬಂದು ನೋಡುತ್ತಾರೆ.

"ಎಂತ ಮಾರಾಯ್ರೆ, ಇದ್ರ ಮೂತಿ ಮೇಲೆ ಫ್ಯಾನೇ ಇಲ್ವಲ್ಲ?"

"ಫ್ಯಾನು ಹೊಟ್ಟೆಯೊಳಗಿದೆ. ಮುಂದಿಂದ ಗಾಳಿ ಎಳೆದು ಹಿಂದಿಂದ ದೂಡ್ತದೆ. ಬೆಂಕಿ ಇಲ್ಲ, ಪೆಟ್ರೋಲ್ ಇಲ್ಲ, ಬರೀ ಬ್ಯಾಟರಿ."

"ನೆಲದ ಮೇಲೆ ನಿಂತು ರೇಡಿಯೋದಲ್ಲೇ ಓಡಿಸೋದಾ?"

"ಹೌದು."

"ಯಾರು ಓಡಿಸೋದು? ನೀವಾ?"

ನಾನು ಬೆಸುಗೆ ಹಾಕುವುದು ತುಂಬಾ ಇದೆ ಎಂಬಂತೆ ತಲೆ ತಗ್ಗಿಸಿದೆ. ನಾನು ಕಟ್ಟುವವನು. ಹಾರಿಸುವವನಲ್ಲ ಎಂದು ಕೊಪ್ಪದ ಬಸ್‌ಸ್ಟ್ಯಾಂಡಿಗೇ ಗೊತ್ತು.

ತುಟಿ ಮಾಡಿದ್ದು ಅಡಿಕೆ ಹಾಳೆಯಿಂದ. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮರದ ಅಚ್ಚಿಗೆ ಒತ್ತಿ, ಮೇಲೆ ಕಲ್ಲು ಹೇರಿದೆ. ಒಣಗಿದ ಮೇಲೆ ಬೆರಳಲ್ಲಿ ಬಡಿದರೆ ಟಣ್ ಎನ್ನುತ್ತದೆ. ಹಿಂದಿನ ಕೊಳವೆಗೆ ಎಕ್ಸ್‌ರೇ ಫಿಲಂ ಸುತ್ತಿದ್ದೇನೆ. ಮನೆಯಲ್ಲಿ ಎಕ್ಸ್‌ರೇ ಫಿಲಂ ಬೇಕಾದಷ್ಟಿದೆ, ನಿನಗೆ ಗೊತ್ತು. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಮೂರು ದಿನ ಬಿಟ್ಟೆ. ಚಿತ್ರವೆಲ್ಲ ಹೋಗಿ ಗಾಜಿನ ಹಾಗಾಯಿತು.

ಹಳೇ ಕಥೆಯನ್ನು ಒಂದೇ ಸಲ ಹೇಳಿ ಮುಗಿಸುತ್ತೇನೆ. 2006ರ ಮೇ ತಿಂಗಳು. ಭದ್ರಾ ಹಿನ್ನೀರು ಇಳಿದು ಬಯಲಾಗಿದ್ದ ನಿಮ್ಮೂರಿನ ಜಾಗ. ನಲವತ್ತು ಜನ ಸೇರಿದ್ದರು. ಒಂದು ನಿಮಿಷ ಜೆಟ್ ರಾಜನ ಹಾಗೆ ಹಾರಿತು. ಆಮೇಲೆ ನೀನು "ಪವರ್ ಹೋಯ್ತು ಭಾವ" ಎಂದು ಕೂಗಿದೆ. ಹೋಗಿತ್ತೋ ಇಲ್ಲವೋ, ನೇರ ಬಿಟ್ಟಿದ್ದರೆ ಹೊಟ್ಟೆಯ ಮೇಲೆ ಜಾರಿಕೊಂಡು ಇಳಿಯುತ್ತಿತ್ತು. ನೀನು ಎಡಕ್ಕೆ ಕಿತ್ತು ಎಳೆದೆ. ರೆಕ್ಕೆ ಸೋತಿತು, ಮೂಗು ಮುಂದಾಗಿ ನೆಲಕ್ಕೆ ನೆಟ್ಟಿತು. ಆರು ತಿಂಗಳ ಕೆಲಸ ಪುಡಿಪುಡಿ. ನಾನು ಸಿಟ್ಟಿನಲ್ಲಿ ಏನೋ ಅಂದೆ, ನೀನು ಅದನ್ನೇ ಹಿಡಿದುಕೊಂಡು ರೇಡಿಯೋವನ್ನು ಮೂಲೆಗೆ ಸೇರಿಸಿದೆ. ತಪ್ಪು ನಿನ್ನದೇ ಆದರೂ ನಾನು ಮನಸ್ಸಿನಲ್ಲಿಟ್ಟುಕೊಂಡಿಲ್ಲ. ಫರ್ಗಿವ್ ಅಂಡ್ ಫರ್ಗೆಟ್ ಅಂತಾರಲ್ಲ, ಎರಡರಲ್ಲಿ ಒಂದು ಆಗಿದೆ.

ಮೇ ತಿಂಗಳಿಗೆ ನೀರು ಇಳಿಯುತ್ತದೆ, ಜೂನ್‌ಗೆ ಮತ್ತೆ ಏರುತ್ತದೆ. ಅಷ್ಟರೊಳಗೆ ಇದು ಹಾರಬೇಕು, ನೀನೇ ಹಾರಿಸಬೇಕು. ಏರ್ ಫೋರ್ಸಿನಲ್ಲಿ ಇಪ್ಪತ್ತು ವರ್ಷ ಇದ್ದು ಬಂದವನು ಎನ್.ಆರ್. ಪುರದಲ್ಲಿ ಡ್ರೈವಿಂಗ್ ಸ್ಕೂಲ್ ಇಟ್ಟುಕೊಂಡು ಬರೀ ಕ್ಲಚ್ಚು ಗೇರು ಕಲಿಸುತ್ತಾ ಕೂರುವುದು ನನಗೆ ಸರಿಕಾಣುವುದಿಲ್ಲ.

ಮಾತು ಮುಗಿಸದವನು,
ನಿನ್ನ ಅಕ್ಕನ ಗಂಡ
ಮಲ್ಲೇಶಪ್ಪ


ನರಸಿಂಹರಾಜಪುರ
2 ಮಾರ್ಚ್ 2008

ಮಲ್ಲೇಶಪ್ಪನವರಿಗೆ,

ಕಾಗದ ಬಂತು. ಹರಿಯಲಿಲ್ಲ.

"ಏನೋ ಅಂದೆ" ಎಂದು ಬರೆದಿದ್ದೀರಿ. ಏನಂದಿರಿ ಎಂದು ನನಗೆ ನೆನಪಿದೆ. "ಏರ್ ಫೋರ್ಸಿನಲ್ಲಿ ನೀನು ವಿಮಾನ ಹಾರಿಸಿದವನಲ್ಲ, ಒರೆಸಿದವನು" ಎಂದಿರಿ. ನಲವತ್ತು ಜನ ನಕ್ಕರು. ನಾನು ಇಂಜಿನ್ ಫಿಟ್ಟರ್ ಆಗಿದ್ದೆ, ಪೈಲಟ್ ಎಂದು ಎಲ್ಲಿಯೂ ಹೇಳಿಕೊಂಡಿರಲಿಲ್ಲ. ಒರೆಸಿದ್ದೂ ನಿಜ. ಅದೂ ಕೆಲಸವೇ.

ಆ ದಿನ ಮೋಟಾರು ನಿಂತಿತ್ತು. ಅಂದೂ ಹೇಳಿದೆ, ಇಂದೂ ಅದನ್ನೇ ಹೇಳುತ್ತೇನೆ.

ರೇಡಿಯೋ ಅಟ್ಟದ ಮೇಲಿದೆ, ಅಲ್ಲೇ ಇರಲಿ. ಹಾರಿಸುವುದಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ.

ಬಿ.ಪಿ. ಮಾತ್ರೆ ಬಿಡಬೇಡಿ. ಬಿಟ್ಟಿದ್ದೀರಿ ಎಂದು ಕೇಳಿದೆ.

ಗಂಗಾಧರ


ಕೊಪ್ಪ
16 ಮಾರ್ಚ್ 2008

ಗಂಗಾಧರ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್, ಮಾತ್ರೆ ಮತ್ತೆ ಶುರು ಮಾಡಿದ್ದೇನೆ. ಆ ವಿಷಯ ಅಲ್ಲಿಗೆ ಮುಗಿಯಿತು.

ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದೆಯಲ್ಲ. ಎಲ್ಲಿ ನೋಡಲಿ? ಕೊಪ್ಪ, ಶೃಂಗೇರಿ, ನಿಮ್ಮೂರು ಮೂರನ್ನೂ ಜಾಲಾಡಿದರೂ ರೇಡಿಯೋ ಹಿಡಿದು ವಿಮಾನವನ್ನು ತಲೆಕೆಳಗೆ ಮಾಡಿ ಮತ್ತೆ ನೆಟ್ಟಗೆ ತಂದವನು ಒಬ್ಬನೇ. ಶೃಂಗೇರಿ ಹತ್ತಿರ ಮೆಣಸೆಯಲ್ಲಿ ಒಬ್ಬರಿದ್ದಾರೆ ಅಂತ ಯಾರೋ ಹೇಳಿದರು. ಬಸ್ಸು ಹತ್ತಿ ಹೋದೆ. ಅವರದ್ದು ಗಾಳಿಪಟ! ಪಾಪ, ಒಳ್ಳೆಯ ಮನುಷ್ಯ, ಕಾಫಿ ಕೊಟ್ಟರು.

ಮೋಟಾರಿನ ಕೆಲಸ ಮುಗಿಯುತ್ತಾ ಬಂತು. ಬೆಂಗಳೂರಿನಿಂದ ತರಿಸಿದ್ದು, ನಿಂಬೆಹಣ್ಣಿನಷ್ಟು ದಪ್ಪ. ಕಂಪನಿಯವರು ಸುತ್ತಿದ್ದ ತಂತಿಯನ್ನೆಲ್ಲ ಬಿಚ್ಚಿ ಹಾಕಿದೆ. ಅವರದು ಸಣ್ಣ ತಂತಿ, ಜಾಸ್ತಿ ಸುತ್ತು. ನನ್ನದು ದಪ್ಪ ತಂತಿ, ಕಡಿಮೆ ಸುತ್ತು. ಆಗಲೇ ವೇಗ ಬರುವುದು. ಐದು ಎಚ್.ಪಿ. ಪಂಪಿನ ಮೋಟಾರು ಸುತ್ತುವುದೆಂದರೆ ದಿಂಬಿಗೆ ಹತ್ತಿ ತುಂಬಿದ ಹಾಗೆ. ಇದು ಮಲ್ಲಿಗೆ ಕಟ್ಟಿದ ಹಾಗೆ. ಒಂದು ಎಳೆ ಮೇಲೆ ಕೆಳಗಾದರೆ ಜಾಗ ಸಾಲುವುದಿಲ್ಲ. ಮೂರು ಸಲ ಬಿಚ್ಚಿ ನಾಲ್ಕನೇ ಸಲ ಕೂತಿತು.

ಫ್ಯಾನಿನ ತೂಕ ಸರಿ ಮಾಡಿದ್ದು ಕೇಳು. ಎಲೆ ಆರಿದೆ, ಒಂದು ಎಲೆ ಕೂದಲಿನಷ್ಟು ಭಾರವಾದರೂ ನಿಮಿಷಕ್ಕೆ ಮೂವತ್ತು ಸಾವಿರ ಸುತ್ತು ತಿರುಗುವಾಗ ಮೈಯೆಲ್ಲ ನಡುಗುತ್ತದೆ. ಅದನ್ನು ಅಳೆಯುವ ಯಂತ್ರ ನಮ್ಮಲ್ಲೆಲ್ಲಿದೆ? ಊಟದ ತಟ್ಟೆಯಲ್ಲಿ ನೀರು ಹಾಕಿದೆ, ಪಕ್ಕದಲ್ಲಿ ಅದೇ ಹಲಗೆಗೆ ಫ್ಯಾನನ್ನು ಹಳೇ ಮಿಕ್ಸಿಯ ಮೋಟಾರಿನೊಂದಿಗೆ ಬಿಗಿದು ಓಡಿಸಿದೆ. ನೀರಿನ ಮೇಲೆ ಅಲೆ ಎದ್ದಿತು. ಒಂದು ಎಲೆಗೆ ಚೂರು ಟೇಪು ಅಂಟಿಸಿದೆ, ಅಲೆ ಜಾಸ್ತಿಯಾಯಿತು. ಎದುರಿನ ಎಲೆಗೆ ಅಂಟಿಸಿದೆ, ಕಡಿಮೆಯಾಯಿತು. ಹೀಗೇ ಮಧ್ಯಾಹ್ನ ಪೂರ್ತಿ. ಕೊನೆಗೆ ಫ್ಯಾನು ಕಿರುಚುತ್ತಿದೆ, ತಟ್ಟೆಯ ನೀರು ಮಾತ್ರ ಕನ್ನಡಿ. ನಿಮ್ಮ ಏರ್ ಫೋರ್ಸಿನಲ್ಲಿ ಇದಕ್ಕೆ ಒಂದು ಕೋಣೆಯಷ್ಟು ಮೆಷಿನ್ ಇದ್ದಿರಬೇಕು.

ಇನ್ನು ಸುರುಳಿಗೆ ವಾರ್ನಿಷ್ ಕುಡಿಸಿ ಜಲಜಮ್ಮನ ಒಲೆಯಲ್ಲಿ ಬೇಯಿಸುವುದೊಂದು ಬಾಕಿ. ಹಿಂದಿನ ಸಲದ ಹಾಗೆಯೇ, ಬ್ರೆಡ್ಡು ತೆಗೆದ ಮೇಲೆ ಉಳಿದ ಶಾಖದಲ್ಲಿ. ಒಳಗಿನ ಸುರುಳಿ, ಹೊರಗೆ ಅದರ ಸುತ್ತ ತಿರುಗುವ ಬಟ್ಟಲು, ಬಟ್ಟಲಿನೊಳಗೆ ಸಾಲಾಗಿ ಅಂಟಿಸಿದ ಅಯಸ್ಕಾಂತದ ಚೂರುಗಳು, ಎಲ್ಲ ಜೋಡಿಸಿ ಒಟ್ಟಿಗೇ ಇಡುವುದು. ಅಂಟೂ ಗಟ್ಟಿಯಾಗುತ್ತದೆ, ವಾರ್ನಿಷೂ ಒಣಗುತ್ತದೆ. ಪಂಪು ಮೋಟಾರಿಗೆ ನಲವತ್ತು ವರ್ಷದಿಂದ ಬಿಸಿ ಕೊಡುತ್ತಾ ಬಂದವನು ನಾನು.

"ಬನ್ನಿನ ತಟ್ಟೆಯಲ್ಲಿ ಇಡ್ಬೇಡಿ ಮಾರಾಯ್ರೆ" ಎಂದರು ಜಲಜಮ್ಮ. "ಕಳೆದ ಸಲ ಎರಡು ದಿನ ನನ್ನ ಬನ್ನು ತಿಂದವರೆಲ್ಲ ಪೇಂಟ್ ಅಂಗಡಿ ವಾಸನೆ ಅಂದ್ರು."

ಮೋಟಾರು ನಿಂತಿತ್ತು ಎಂದು ಮತ್ತೆ ಬರೆದಿದ್ದೀಯ. ಅದಕ್ಕೆ ನನ್ನಲ್ಲಿ ಸಾಕ್ಷಿ ಇದೆ. ಬಿದ್ದ ಜೆಟ್ಟಿನ ಮೋಟಾರನ್ನು ಅಂಗಡಿಯಲ್ಲಿ ಮೊಳೆಗೆ ನೇತುಹಾಕಿದ್ದೇನೆ, ಎರಡು ವರ್ಷದಿಂದ. ತಂತಿಯ ಒಂದು ಎಳೆಯೂ ಕಪ್ಪಾಗಿಲ್ಲ. ಕೈಯಲ್ಲಿ ತಿರುಗಿಸಿದರೆ ಬೆಣ್ಣೆ. ಸುಡದ ಸುರುಳಿ ಹೇಗೆ ನಿಲ್ಲುತ್ತದೆ, ನೀನೇ ಹೇಳು. ಗಿರಾಕಿಗಳಿಗೆ ಅದನ್ನೇ ತೋರಿಸುತ್ತೇನೆ, ಇದು ನನ್ನ ಕೈಕೆಲಸ ಅಂತ.

ಅಟ್ಟದಿಂದ ರೇಡಿಯೋ ಇಳಿಸು. ಬ್ಯಾಟರಿ ಚಾರ್ಜಿಗೆ ಹಾಕು.

ಜವಾಬು ಬಾರದಿದ್ದರೂ ಬರೆಯುವವನು,
ಮಲ್ಲೇಶಪ್ಪ


ಕೊಪ್ಪ
20 ಏಪ್ರಿಲ್ 2008

ಗಂಗಾಧರ,

ಒಂದು ತಿಂಗಳು ಬರೆಯಲಿಲ್ಲ. ಬರೆಯಲು ಕೂತು ಮೂರು ಕಾಗದ ಹಾಳು ಮಾಡಿದೆ. ಇದು ನಾಲ್ಕನೆಯದು, ಇನ್ನು ಹಾಳೆ ಇಲ್ಲ, ಆದ್ದರಿಂದ ಇದನ್ನೇ ಕಳಿಸುತ್ತೇನೆ.

ಜಲಜಮ್ಮನ ಒಲೆಯ ನೆಲದ ಇಟ್ಟಿಗೆ ಕುಸಿಯಿತು. ರಿಪೇರಿಗೆ ಎಂಟು ದಿನ. ನನಗೆ ಕಾಯುವ ತಾಳ್ಮೆ ಎಲ್ಲಿದೆ? ವಾರ್ನಿಷನ್ನು ಬಿಸಿಲಿಗೆ ಒಣಗಿಸಿ, ಬೇಯಿಸದೆಯೇ ಮೋಟಾರು ಜೋಡಿಸಿದೆ. ಮೇಜಿನ ಮೇಲೆ ಇಟ್ಟೆನೋ ಇಲ್ಲವೋ, ಸ್ಕ್ರೂಗಳಿದ್ದ ಡಬ್ಬಿಯನ್ನು ಎಳೆದುಕೊಂಡು ಅಪ್ಪಿಬಿಟ್ಟಿತು. ಬಿಡಿಸಬೇಕಾದರೆ ಉಗುರು ಕಿತ್ತು ಬಂತು. ಕೈಯಲ್ಲಿ ತಿರುಗಿಸಿದರೆ ಕಟಕಟ ಎಂದು ಹೆಜ್ಜೆ ಹೆಜ್ಜೆಗೂ ತಡೆಯುತ್ತದೆ. ಇದೇನು ಹೀಗೆ ಒರಟು ಎಂದು ಹೋಲಿಸಿ ನೋಡಲು ಮೊಳೆಯ ಮೇಲಿದ್ದ ಹಳೆಯದನ್ನು ಇಳಿಸಿದೆ. ಅದೇ ಡಬ್ಬಿಯ ಹತ್ತಿರ ಹಿಡಿದೆ. ಎರಡೇ ಎರಡು ಸ್ಕ್ರೂ ಏಳಲೋ ಬೇಡವೋ ಎಂಬಂತೆ ಎದ್ದವು. ಒಂದು ಬಿದ್ದೂ ಹೋಯಿತು.

ಬೆಣ್ಣೆಯ ಹಾಗೆ ತಿರುಗುತ್ತದೆ ಎಂದು ಎರಡು ವರ್ಷ ಊರಿಗೆಲ್ಲ ತೋರಿಸಿದೆನಲ್ಲ. ಅದು ನಯವಲ್ಲ ಮಾರಾಯ. ಅಯಸ್ಕಾಂತದಲ್ಲಿ ಜೀವವಿಲ್ಲ, ಅದಕ್ಕೇ ತಡೆಯುತ್ತಿಲ್ಲ.

ಶಿವಮೊಗ್ಗದ ಕಾಲೇಜಿನಲ್ಲಿ ಒಂದೇ ವರ್ಷ ಬಿ.ಎಸ್ಸಿ. ಓದಿದ್ದು ನಾನು, ಫೇಲಾಗಿ ಬಂದು ವೈಂಡಿಂಗ್ ಕಲಿತೆ. ಫಿಸಿಕ್ಸ್ ಮೇಷ್ಟರು ಬೋರ್ಡಿನ ಮೇಲೆ ಬರೆಸಿದ್ದ ವಾಕ್ಯವೊಂದು ಡಬ್ಬಿ ಹಿಡಿದುಕೊಂಡು ನಿಂತಿದ್ದಾಗ ತಾನಾಗಿ ಬಾಯಿಗೆ ಬಂತು. "ವೆನ್ ಎ ಮ್ಯಾಗ್ನೆಟ್ ಈಸ್ ಹೀಟೆಡ್, ಇಟ್ ಲೂಸಸ್ ಇಟ್ಸ್..." ಮುಂದಿನ ಪದ ಮರೆತಿದೆ. ಪದ ಹೋದರೂ ಅರ್ಥ ಆಯಿತು, ನಲವತ್ತೊಂದು ವರ್ಷ ತಡವಾಗಿ. ಪಂಪಿನ ಮೋಟಾರಿನೊಳಗೆ ಅಯಸ್ಕಾಂತವೇ ಇರುವುದಿಲ್ಲ. ಎಷ್ಟು ಬೇಯಿಸಿದರೂ ಅದಕ್ಕೇನೂ ಆಗುವುದಿಲ್ಲ. ಆ ಅಭ್ಯಾಸದಲ್ಲಿ ಇದನ್ನೂ ಬೇಯಿಸಿದೆ. ಸುರುಳಿ ಸುಡಲಿಲ್ಲ, ಸರಿ. ಒಳಗಿನ ಸತ್ವ ಮಾತ್ರ ಜಲಜಮ್ಮನ ಒಲೆಯಲ್ಲೇ ಹೋಗಿತ್ತು.

ಆದರೂ ಖಚಿತವಾಗಬೇಕಲ್ಲ. ಹಳೇ ಮೋಟಾರಿಗೆ ಫ್ಯಾನು ಕಟ್ಟಿ ತಕ್ಕಡಿಯ ಮೇಲೆ ಓಡಿಸಿದೆ. ಕರೆಂಟು ಒಂದೂವರೆ ಪಟ್ಟು ಎಳೆಯಿತು. ವೇಗ ಹಿಡಿತದಲ್ಲಿಡುವ ಕಂಟ್ರೋಲರು ಮುಟ್ಟಲಾಗದಷ್ಟು ಕಾದಿತು. ಐವತ್ತೆಂಟು ಸೆಕೆಂಡಿಗೆ ತನ್ನನ್ನು ತಾನೇ ಉಳಿಸಿಕೊಳ್ಳಲು ಮೋಟಾರನ್ನು ನಿಲ್ಲಿಸಿತು. ಆರಲು ಬಿಟ್ಟು ಮತ್ತೆ ಓಡಿಸಿದೆ. ಮತ್ತೆ ನಿಂತಿತು. ಮೂರು ಸಲ ನೋಡಿದೆ. ಮೂರು ಸಲವೂ ನಿಂತಿತು. ಮೂರನೇ ಸಲ ನಿಂತಾಗ ಅಂಗಡಿಯ ಶಟರು ಎಳೆದು ಮನೆಗೆ ಹೋದೆ.

ಪವರ್ ಹೋಯ್ತು ಎಂದು ನೀನು ಹೇಳಿದ್ದು ಸತ್ಯ. ಮೋಟಾರು ಕೆಡಿಸಿದವನು ನಾನು. ನಿನ್ನ ಕೆಲಸದ ಬಗ್ಗೆ ಆ ಮಾತಾಡಿದ್ದೂ ತಪ್ಪು.

ಎಡ ತಿರುವಿನ ವಿಷಯ ಮಾತ್ರ ನಾನಿನ್ನೂ ಒಪ್ಪಿಲ್ಲ. ಪವರ್ ಇಲ್ಲದಾಗ ತಿರುಗಿಸಬಾರದು, ನೇರ ಇಳಿಸಬೇಕು ಎಂದು ನನಗೆ ಹೇಳಿಕೊಟ್ಟವನೇ ನೀನು. ಇರಲಿ, ಅದನ್ನು ಆಮೇಲೆ ಮಾತಾಡೋಣ.

ನಿನ್ನೆ ನೆಮ್ಮಾರಿನಿಂದ ಪಂಪು ತಂದಿದ್ದ ಬೈರಪ್ಪ ಗೋಡೆ ನೋಡಿ, "ಎಲ್ಲಿ ಹೋಯ್ತು ನಿಮ್ಮ ಮೆಡಲ್ಲು?" ಎಂದ.

"ಬೆಂದು ಹೋಯ್ತು" ಎಂದೆ.

ತಲೆ ತಗ್ಗಿಸಿ,
ಮಲ್ಲೇಶಪ್ಪ


ನರಸಿಂಹರಾಜಪುರ
4 ಮೇ 2008

ಮಲ್ಲೇಶಪ್ಪನವರಿಗೆ,

ಕಾಗದ ಮೂರು ಸಲ ಓದಿದೆ. ಮೋಟಾರನ್ನೂ ಮೂರು ಸಲ ಪರೀಕ್ಷೆ ಮಾಡಿದ್ದೀರಿ, ಅದು ಸರಿಯಾದ ಪದ್ಧತಿ.

ಆದರೆ ಒಂದು ಮಾತು. ನೀವು ತಪ್ಪು ಒಪ್ಪಿಕೊಂಡದ್ದು ಇನ್‌ಲ್ಯಾಂಡ್ ಲೆಟರಿನ ಒಳಗೆ, ಅಂಟು ಹಚ್ಚಿ. ಅದನ್ನು ಓದಿದವನು ನಾನೊಬ್ಬ. ಅಂದದ್ದು ನಲವತ್ತು ಜನರ ಎದುರು. ಬಯಲಿನಲ್ಲಿ ಎಮ್ಮೆ ಮೇಯಿಸುವ ರೇಣುಕಪ್ಪ ಇವತ್ತಿಗೂ ನನ್ನ ಕಾರು ಕಂಡರೆ ಕೈ ಎತ್ತಿ "ಒರೆಸಾಯ್ತಾ ಸಾರ್?" ಎನ್ನುತ್ತಾನೆ. ಅವನಿಗೆ ಕೆಟ್ಟ ಮನಸ್ಸಿಲ್ಲ, ತಮಾಷೆಗೆ ಅನ್ನುತ್ತಾನೆ. ಪಕ್ಕದಲ್ಲಿ ಕಲಿಯುವವರು ಕೂತಿರುತ್ತಾರೆ. ಅವರೂ ನಗುತ್ತಾರೆ. ಎರಡು ವರ್ಷದಲ್ಲಿ ಎಷ್ಟು ಸಲ ಎಂದು ನಾನು ಎಣಿಸಿಲ್ಲ.

ರೇಡಿಯೋ ಇಳಿಸುವ ವಿಷಯಕ್ಕೆ ನಾನು ಏನೂ ಹೇಳುವುದಿಲ್ಲ. ಆ ಮಾತನ್ನು ಎಲ್ಲಿ ಆಡಿದಿರೋ ಅಲ್ಲೇ ನಿಂತು ಹಿಂದಕ್ಕೆ ತೆಗೆದುಕೊಂಡರೆ ಆಮೇಲೆ ನೋಡೋಣ.

ಎಡ ತಿರುವಿನ ಬಗ್ಗೆ ನಾನು ಮಾತಾಡುವುದಿಲ್ಲ. ಆಗಲೂ ಇಲ್ಲ, ಈಗಲೂ ಇಲ್ಲ.

ನೀರು ಚೆನ್ನಾಗಿ ಇಳಿದಿದೆ. ಹಳೇ ಮರದ ಬೊಡ್ಡೆಗಳೆಲ್ಲ ಕಾಣುತ್ತಿವೆ. ಈ ಸಲ ಮಳೆ ಬೇಗ ಎನ್ನುತ್ತಿದ್ದಾರೆ.

ಗಂಗಾಧರ

ಬ್ಯಾಟರಿ ಎಷ್ಟು ಸೆಲ್ಲಿನದು? ತೂಕದ ಮಧ್ಯಬಿಂದು ರೆಕ್ಕೆಯ ಮುಂದಿನ ಅಂಚಿನಿಂದ ಎಷ್ಟು ಇಂಚಿಗೆ ಇಟ್ಟಿದ್ದೀರಿ? ಸುಮ್ಮನೆ ಕೇಳಿದೆ.


ಕೊಪ್ಪ
12 ಮೇ 2008

ಗಂಗಾಧರ,

ನಾಲ್ಕು ಸೆಲ್ಲು. ಮೂರೂವರೆ ಇಂಚು. ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಲು ಮುಕ್ಕಾಲು ಇಂಚು ಜಾಗ ಬಿಟ್ಟಿದ್ದೇನೆ, ನಿನ್ನ ಕೈಗೆ ಹೇಗೆ ಬೇಕೋ ಹಾಗೆ ಮಾಡಿಕೋ. ಸುಮ್ಮನೆ ಕೇಳಿದೆ ಎಂದೆಯಲ್ಲ, ಸುಮ್ಮನೆ ಹೇಳಿದ್ದೇನೆ.

ಮೇ 25, ಭಾನುವಾರ, ಮೊದಲ ಬಸ್ಸಿಗೆ ಬರುತ್ತೇನೆ. ಜೆಟ್ಟನ್ನು ಟಿ.ವಿ. ಪೆಟ್ಟಿಗೆಯಲ್ಲಿ ಹುಲ್ಲು ಹಾಕಿ ಕಟ್ಟುತ್ತೇನೆ, ಕಂಡಕ್ಟರಿಗೆ ಮೊದಲೇ ಹೇಳಿದ್ದೇನೆ. ಅಂದು ಯಾರ್ಯಾರಿದ್ದರೋ ಅವರನ್ನೆಲ್ಲ ಕರೆ. ರೇಣುಕಪ್ಪನನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸು. ಎಮ್ಮೆಗಳೂ ಬರಲಿ.

ನೀನು ಬರುತ್ತೀಯೋ ಇಲ್ಲವೋ ನಿನಗೆ ಬಿಟ್ಟದ್ದು. ನಾನಂತೂ ಹೇಳಿಯೇ ಹೋಗುವುದು.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಹಿಡಿಯುವವನು,
ಮಲ್ಲೇಶಪ್ಪ


ಕೊಪ್ಪ
27 ಮೇ 2008, ಮಂಗಳವಾರ, ಸಂಜೆ

ಗಂಗಾಧರ,

ನೀನು ಅಲ್ಲೇ ಇದ್ದೆ. ಆಗಿದ್ದನ್ನು ನಿನಗೆ ವರದಿ ಒಪ್ಪಿಸುವುದು ತಮಾಷೆಯೇ. ಆದರೂ ನಾನು ನಿಂತ ಜಾಗದಿಂದ ಹೇಗೆ ಕಂಡಿತು ಎಂದು ಬರೆಯಬೇಕು. ಯಾಕೆ ಎಂದು ಕೊನೆಗೆ ಬರುತ್ತೇನೆ.

ಬಸ್ಸಿನಲ್ಲಿ ಬರುವಾಗ ಭಾಷಣ ಮನಸ್ಸಿನಲ್ಲೇ ತಯಾರಿತ್ತು. "ಲೇಡೀಸ್ ಅಂಡ್ ಜಂಟಲ್‌ಮನ್" ಎಂದು ಶುರು. ಬಯಲಿಗೆ ಇಳಿದು ಜನ ನೋಡಿದ ಮೇಲೆ ಒಂದು ಶಬ್ದವೂ ಉಳಿಯಲಿಲ್ಲ. ನೀನು ಕಾರಿಗೆ ಒರಗಿಕೊಂಡು ಕೈ ಕಟ್ಟಿ ನಿಂತಿದ್ದೆ. ರೇಡಿಯೋ ಕಾಣಲಿಲ್ಲ. ಸರಿ, ಬಾಯಿಗೆ ಬಂದದ್ದನ್ನೇ ಹೇಳಿದೆ.

"ಎರಡು ವರ್ಷದ ಕೆಳಗೆ ಇಲ್ಲೇ ನಿಂತು ಇವನನ್ನ ಒರೆಸೋನು ಅಂದೆ. ವಿಮಾನ ಬೀಳಿಸಿದ್ದು ಇವನಲ್ಲ. ಮೋಟಾರನ್ನ ಬನ್ನಿನ ಹಾಗೆ ಬೇಯಿಸಿ ಕೆಡಿಸಿದ್ದು ನಾನು. ಆ ಮಾತು ವಾಪಸ್ ತಗೊಂಡಿದೀನಿ."

ಆಮೇಲೆ ರೇಣುಕಪ್ಪ ಕೋಲು ನೆಲಕ್ಕೂರಿ ಕೇಳಿದ. "ಹಂಗಾರೆ ಸಾರ್‌ನ ಇನ್ನು ಎಂತ ಅಂತ ಕರೀಲಿ?"

"ಹೆಸರು ಹಿಡಿದು ಕರಿ."

"ನಿಮ್ಮನ್ನ?"

"ಬೇಕರಿ ಮಲ್ಲೇಶಪ್ಪ ಅಂತ ಕರಿ, ಹೋಗು."

ಎಲ್ಲರೂ ನಕ್ಕರು. ನೀನು ಪಕ್ಕಕ್ಕೆ ತಿರುಗಿ ಕಾರಿನ ಬಾಗಿಲು ತೆಗೆದೆ. ಹಿಂದಿನ ಸೀಟಿನಲ್ಲಿ ಬಟ್ಟೆ ಹೊದ್ದು ಮಲಗಿತ್ತು ರೇಡಿಯೋ! ಚಾರ್ಜೂ ಆಗಿತ್ತು! ಕಳ್ಳ.

ಆಮೇಲೆ ನೀನು ಮಾಡಿದ್ದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಜೇಬಿನಿಂದ ಕರವಸ್ತ್ರ ತೆಗೆದು, ಅಷ್ಟೂ ಜನರ ಎದುರು, ಜೆಟ್ಟನ್ನು ಮೂಗಿನಿಂದ ಬಾಲದವರೆಗೆ ಒರೆಸಿದೆ. ನಿಧಾನವಾಗಿ. ಪ್ರತಿ ಸೇರಿಕೆಯ ಮೇಲೂ ನಿನ್ನ ಬೆರಳು ನಿಂತು, ಕೇಳಿ, ಮುಂದೆ ಹೋಗುತ್ತಿತ್ತು. ಬಾಲದ ಹತ್ತಿರ ನಿಂತೇಬಿಟ್ಟಿತು. "ಇಲ್ಲಿ ಸ್ಕ್ರೂ ಸಡಿಲ" ಎಂದೆ ನೀನು. ನಾನು ಹತ್ತು ಸಲ ನೋಡಿದ್ದ ಜಾಗ. ಒರೆಸುವುದೆಂದರೆ ಏನು ಎಂದು ನನಗೆ ತಿಳಿದದ್ದು ಅಲ್ಲಿ. ಈ ಸಲ ಯಾರೂ ನಗಲಿಲ್ಲ, ಗಮನಿಸಿದೆಯಾ?

ಜೆಟ್ಟನ್ನು ಕವಣೆಯ ಹಾಗೆ ಚಿಮ್ಮಿಸಲು ಗೂಟಕ್ಕೆ ಕಟ್ಟಿದ ಸೈಕಲ್ ಟ್ಯೂಬನ್ನು ರೇಣುಕಪ್ಪನೇ ಎಳೆದು ಹಿಡಿದ. ಬಿಟ್ಟದ್ದೇ ತಡ, ಹೋಯಿತಲ್ಲ ಅದು! ನೆಲ ಬಿಟ್ಟು ಎರಡಾಳು ಎತ್ತರ ಏರುವಷ್ಟರಲ್ಲಿ ಫ್ಯಾನಿನ ದನಿ ಬಿಗಿಯಾಯಿತು. ನನ್ನ ಎದೆ ಐವತ್ತೆಂಟು ಸೆಕೆಂಡು ಎಣಿಸುತ್ತಿತ್ತು. ಐವತ್ತೆಂಟು ದಾಟಿತು. ತೊಂಬತ್ತು ದಾಟಿತು. ನೀರಿನ ಅಂಚಿನಲ್ಲಿ ನೀನು ಅದನ್ನು ಅಷ್ಟು ಕೆಳಗೆ ತಂದಾಗ ಅದರ ನೆರಳು ಎಮ್ಮೆಗಳ ಬೆನ್ನಿನ ಮೇಲೆ ಓಡಿತು. ಒಂದು ಎಮ್ಮೆಯೂ ತಲೆ ಎತ್ತಲಿಲ್ಲ. ಅಷ್ಟು ನಯ. ನಾನು ಕಟ್ಟಿದ್ದು ಚೆನ್ನಾಗಿತ್ತು, ನೀನು ಹಾರಿಸಿದ್ದು ಅದಕ್ಕಿಂತ ಚೆನ್ನಾಗಿತ್ತು. ಬರೆದಿದ್ದೇನೆ, ಇಟ್ಟುಕೋ.

ಆಗ ನೀನು ಒಂದು ಹುಚ್ಚು ಕೆಲಸ ಮಾಡಿದೆ. "ಹಿಡೀರಿ ಭಾವ" ಎಂದು ರೇಡಿಯೋವನ್ನು ನನ್ನ ಕೈಗೆ ತುರುಕಿದೆ. ನಲವತ್ತು ವರ್ಷ ತಂತಿ ಸುತ್ತಿದ ಬೆರಳುಗಳು ಆ ಎರಡು ಕಡ್ಡಿಗಳ ಮೇಲೆ ಮರದ ತುಂಡಿನ ಹಾಗೆ ಕೂತವು. ನೀನು ಆಮೇಲೆ ಹೇಗನ್ನಿಸಿತು ಎಂದು ಕೇಳಿದೆ. ಪರವಾಗಿಲ್ಲ ಎಂದೆ. ಸುಳ್ಳು. ಅದನ್ನು ಕಟ್ಟಿದವನು ನಾನೇ ಎಂಬುದು ಕೂಡ ಮರೆತುಹೋಗುವಷ್ಟು ಹೆದರಿಕೆಯಾಯಿತು. ಹನ್ನೊಂದು ಸೆಕೆಂಡಂತೆ, ನೀನು ಹೇಳಿದ್ದು. ನನಗೆ ಒಂದು ಸಂಜೆ ಕಳೆದ ಹಾಗಿತ್ತು.

ಜೆಟ್ಟು ನೇರ ಹೋಗುತ್ತಿತ್ತು, ಕೆಳಗೆ ಇಳಿಯುತ್ತಲೂ ಇತ್ತು. ನೇರ ಎದುರಿಗೆ ಆ ಸಣ್ಣ ದಿಬ್ಬ, ದೊಡ್ಡ ಬೊಡ್ಡೆಯ ಪಕ್ಕದ್ದು. ಸುತ್ತ ಎಲ್ಲ ಕೆಸರು, ಕೂರಲು ಒಣ ಜಾಗ ಅಂದರೆ ಅದೊಂದೇ. ರೇಣುಕಪ್ಪನ ಮನೆಯವರು ಅಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರು. ಜೊತೆಗೆ ಇಬ್ಬರು ಹೆಂಗಸರು, ಒಂದು ಮಗು. ನೀನು "ಎಡಕ್ಕೆ ಭಾವ, ಎಡಕ್ಕೆ" ಎನ್ನುವುದಕ್ಕೂ ಮೊದಲೇ ನನ್ನ ಕೈ ಎಡಕ್ಕೆ ಕಿತ್ತಿತ್ತು. ಯಾರೂ ಹೇಳಿಕೊಡಲಿಲ್ಲ. ಆ ಕ್ಷಣ ರೆಕ್ಕೆ ಸೋಲುತ್ತದೆ, ಜೆಟ್ಟು ಹೋಗುತ್ತದೆ ಎಂಬ ಯೋಚನೆಯೇ ಇರಲಿಲ್ಲ. ಕೈಗೆ ಕಂಡದ್ದು ಆ ಹೆಂಗಸರ ತಲೆ ಮಾತ್ರ. ಮೋಟಾರು ಜೀವಂತವಿತ್ತು, ಆದ್ದರಿಂದ ಏನೂ ಆಗಲಿಲ್ಲ. ನೀನು ನಗುತ್ತಾ ರೇಡಿಯೋ ವಾಪಸು ಕಿತ್ತುಕೊಂಡೆ, ಹೊಟ್ಟೆಯ ಮೇಲೆ ಹುಲ್ಲಿನಲ್ಲಿ ಇಳಿಸಿದೆ, ಜನ ಚಪ್ಪಾಳೆ ಹೊಡೆದರು.

ನಾನು ಚಪ್ಪಾಳೆ ಹೊಡೆಯಲಿಲ್ಲ. ಸುಸ್ತು ಎಂದೆ. ಆ ದಿಬ್ಬವನ್ನೇ ನೋಡುತ್ತಿದ್ದೆ.

2006ರಲ್ಲಿ ಅಲ್ಲಿ ಚಾಪೆ ಹಾಕಿಕೊಂಡು, ಛತ್ರಿ ಬಿಚ್ಚಿಕೊಂಡು, ಕ್ಯಾರಿಯರ್ ಪಕ್ಕದಲ್ಲಿಟ್ಟುಕೊಂಡು ಕೂತಿದ್ದವಳು ನಿನ್ನ ಅಕ್ಕ. ನಾನು ಆ ದಿನ ಪೂರ್ತಿ ಆಕಾಶ ನೋಡಿದೆ, ಆಮೇಲೆ ಮುರಿದ ಥರ್ಮೋಕೋಲು ನೋಡಿದೆ. ಬೆಳಿಗ್ಗೆ ಅವಳನ್ನು ಅಲ್ಲಿ ಕೂರಿಸಿದ ಮೇಲೆ ಆ ಕಡೆ ತಿರುಗಿ ನೋಡಲೇ ಇಲ್ಲ. ಮೋಟಾರು ಸತ್ತ ಜೆಟ್ಟು ನೇರ ಹೋಗಿದ್ದರೆ ಹೊಟ್ಟೆಯ ಮೇಲೆ ಜಾರಿ ಇಳಿಯುತ್ತಿತ್ತು ಎಂದು ನಾನು ಎರಡು ವರ್ಷ ಹೇಳುತ್ತಾ ಬಂದೆ. ಎಲ್ಲಿಗೆ ಇಳಿಯುತ್ತಿತ್ತು ಎಂದು ಒಂದು ಸಲವೂ ನನ್ನನ್ನೇ ನಾನು ಕೇಳಿಕೊಳ್ಳಲಿಲ್ಲ.

ಅವಳಿಗೆ ಗೊತ್ತಿತ್ತು. ಅಂದು ವಾಪಸು ಬರುವಾಗ ಬಸ್ಸಿನಲ್ಲಿ "ಅವ್ನು ಬೇಕಂತ್ಲೇ..." ಎಂದು ಶುರು ಮಾಡಿದಳು. "ನಿಂಗೆ ಇದೆಲ್ಲ ಗೊತ್ತಾಗಲ್ಲ, ಸುಮ್ನಿರು" ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು. ಆ ವಾಕ್ಯ ಅಲ್ಲಿಗೇ ನಿಂತಿತು. ಅದೇ ವರ್ಷ ನವೆಂಬರ್‌ನಲ್ಲಿ ಅವಳು ತೀರಿಕೊಂಡಳು.

ನೀನೂ ಹೇಳಲಿಲ್ಲ. ಅಷ್ಟು ಜನರ ಎದುರು ನಾನು ಆ ಮಾತಾಡಿದಾಗ, ಕೈ ತೋರಿಸಿ "ಅಲ್ಲಿ ಅಕ್ಕ ಕೂತಿದ್ಲು" ಎಂದು ಒಂದು ಮಾತು ಹೇಳಿದ್ದರೆ ನನ್ನ ಬಾಯಿ ಮುಚ್ಚಿಹೋಗುತ್ತಿತ್ತು. ಹೇಳಿದ್ದರೆ ಅವಳ ಎದುರು ನಾನು ಎಷ್ಟು ಸಣ್ಣವನಾಗುತ್ತಿದ್ದೆ ಎಂದು ನೀನು ಯೋಚಿಸಿರಬೇಕು. ಅವಳು ಹೋದ ಮೇಲಂತೂ ಹೇಳುವ ಹಾಗೆಯೇ ಇರಲಿಲ್ಲ.

ಇದನ್ನು ರೇಣುಕಪ್ಪನ ಎದುರು ಹೇಳುವುದಿಲ್ಲ. ಬೇಕಿದ್ದರೆ ಬೈದುಕೋ. ಇದು ಅಂಟು ಹಚ್ಚಿ ಕಳಿಸುವ ವಿಷಯ.

ಮುಂದಿನ ಭಾನುವಾರ ಬರುತ್ತೇನೆ. ನೀರು ಏರುವ ಮೊದಲು ಇನ್ನೆರಡು ವಾರ ಸಿಗುತ್ತದೆ. ಕ್ಲಚ್ಚು ಗೇರು ಕಲಿಸುವ ಹಾಗೆ ನನಗೂ ಕಲಿಸು, ಫೀಸು ಕೊಡುತ್ತೇನೆ. ಬಾಲವನ್ನು ಅರ್ಧ ಇಂಚು ಅಗಲ ಮಾಡಿದರೆ ಇಳಿಯುವಾಗ ಇನ್ನೂ ನಿಧಾನ ಬರಬಹುದು, ಅದರ ಅಳತೆ ಬೇರೆ ಕಾಗದದಲ್ಲಿ ಬರೆದಿದ್ದೇನೆ. ಈ ಸಲ ಕ್ಯಾರಿಯರಿನಲ್ಲಿ ಚಿತ್ರಾನ್ನ ತರುತ್ತೇನೆ, ಸುಮಾರಾಗಿ ಮಾಡುವುದಕ್ಕೆ ಬಂದಿದೆ.

ಬೆಳಕು ಹೋಗುತ್ತಿದೆ. ಕರೆಂಟೂ ಇಲ್ಲ, ಸಾಲಿನ ಮೇಲೆ ಸಾಲು ಹತ್ತುತ್ತಿದೆ. ಬರೆಯಬೇಕೆಂದು ಕೂತ ಸಾಲೇ ಇನ್ನೂ ಬಾಕಿ. ಅಕ್ಷರ ಕಾಣುತ್ತಿರುವಾಗಲೇ ಅದನ್ನು ಬರೆದುಬಿಡುತ್ತೇನೆ. ನೀನು ಅಂದು ಎಡಕ್ಕೆ ತಿರುಗಿಸಿದ್ದು ಸರಿ.

ಭಾವ